ತಾಟಿನಲ್ಲಿ ಬಿಡಬಾರದು

ಅಣ್ಣನ ತಾಟಿನಲ್ಲಿ ಉಳಿದ ಮಾದಲಿ ಎಂಬ ಸಿಹಿಯನ್ನು ಆ ದಿನ ತಿಂದು ಮುಗಿಸಿದ್ದು ನಾನೋ, ವೈನಿಯೋ, ಖಚಿತವಾಗಿ ಹೇಳಲಾರೆ. ಅಣ್ಣನ ಹೆಂಡತಿಯನ್ನು ನಾನು ವೈನಿ ಅನ್ನುತ್ತೇನೆ. ಅವರು ತಾಟನ್ನು ಕೈಗೆತ್ತಿಕೊಂಡು ನಿಂತಲ್ಲೇ ತಿಂದರು ಎಂಬ ನೆನಪು ನನಗೆ ಸ್ಪಷ್ಟವಾಗಿದೆ. ಅವರ ಬಳೆಗಳು ತಾಟಿನ ಅಂಚಿಗೆ ತಾಗಿದ ಸಪ್ಪಳ ಕೂಡ ಕಿವಿಯಲ್ಲಿದೆ. ಆದರೆ ವೈನಿಯನ್ನು ಕೇಳಿದರೆ, "ಏನ್ ಹೇಳ್ತೀರಿ? ನೀವ ತಿಂದ್ರಿ. ನಾ ಒಳಗ ಬಿಸಿನೀರು ತರಾಕ ಹೋಗಿದ್ದೆ" ಅನ್ನುತ್ತಾರೆ. ಅಣ್ಣನನ್ನು ಕೇಳಿದರೆ ಅವನಿಗೆ ಸಿಟ್ಟೇ ಬರುತ್ತದೆ.

"ನನ್ನ ಜೀವ ಗಂಟಲಾಗ ಸಿಕ್ಕಿತ್ತು. ಯಾರ್ ತಿಂದ್ರು ಅಂತ ನೋಡ್ಕೋತ ಕುಂತಿದ್ನೇನ?"

ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಈಗ ರಾಮದುರ್ಗದ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ. ಒಬ್ಬನ ನೆನಪನ್ನು ಪುರಾವೆ ಎಂದು ಒಪ್ಪಬೇಡಿ ಎಂದು ತರಗತಿಯಲ್ಲಿ ಹೇಳುವವನು ನನ್ನ ನೆನಪನ್ನು ಮಾತ್ರ ಒಪ್ಪಿಕೊಳ್ಳಿ ಎಂದು ಓದುಗರಿಗೆ ಹೇಳುವುದು ಹೇಗೆ? ಅದಕ್ಕೇ ಅನುಮಾನವಿದ್ದಲ್ಲಿ ಅನುಮಾನವಿದೆ ಎಂದೇ ಬರೆಯುತ್ತೇನೆ.

ಅಣ್ಣನಿಗೆ ಬೈಲಹೊಂಗಲದಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ, ಸಂಪಗಾಂವದಲ್ಲಿ ಹೊಲ. ಅವನು ಊಟಕ್ಕೆ ಕುಳಿತರೆ ರೊಟ್ಟಿಯ ತುತ್ತಿಗೊಮ್ಮೆ ನೀರು ಕುಡಿಯತೊಡಗಿ ಬಹಳ ದಿನಗಳಾಗಿದ್ದವು. ಬೇಸಿಗೆ ಇರಬೇಕೆಂದು ನಾವು ಅಂದುಕೊಂಡೆವು. "ಅಣ್ಣ ರೊಟ್ಟಿ ತಿನ್ನಾಕತ್ತಾನೋ, ನೀರಾವರಿ ಮಾಡಾಕತ್ತಾನೋ" ಎಂದು ನಾನೇ ನಗಾಡಿದ್ದೆ. ಮಳೆಗಾಲ ಬಂದರೂ ನೀರು ನಿಲ್ಲಲಿಲ್ಲ. ಆಮೇಲೆ ರೊಟ್ಟಿ ಬಿಟ್ಟು ಅನ್ನಕ್ಕೆ ಇಳಿದ. ಕೆಲವು ದಿನಗಳಲ್ಲಿ ಅನ್ನವೂ ನಿಲ್ಲತೊಡಗಿತು. ಎದೆಯ ನಡುವೆ ಬೆರಳಿಟ್ಟು ತೋರಿಸಿದ.

"ಇಲ್ಲಿತನಕ ಆರಾಮ ಬರತೈತಿ. ಇಲ್ಲಿ ಬಂದು ನಿಂತ ಬಿಡತೈತಿ. ಟೋಲ್ ನಾಕಾ ಇದ್ದಂಗ."

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕ್ಯಾಮೆರಾದ ನಳಿಕೆ ಇಳಿಸಿ ನೋಡಿದರು. ಅನ್ನನಾಳದ ಕ್ಯಾನ್ಸರ್. ಕರೆಂಟು ಕೊಡಬೇಕು ಎಂದರು. ನಮ್ಮ ಕಡೆ ಎಲ್ಲರೂ ರೇಡಿಯೇಶನ್‌ಗೆ ಹಾಗೆಯೇ ಅನ್ನುವುದು. ವಾರದಲ್ಲಿ ಐದು ದಿನ ಕರೆಂಟು, ಅದರ ಜೊತೆಗೆ ವಾರಕ್ಕೊಂದು ಸಲಾಯಿನ್ ಕಿಮೋ. ನನಗೆ ಕಾಲೇಜಿನ ರಜೆ ಬಂದಿತ್ತು, ಅದಕ್ಕೆ ನನ್ನ ಗಳಿಕೆ ರಜೆಯನ್ನೂ ಸೇರಿಸಿಕೊಂಡೆ. ರಾಮದುರ್ಗದಿಂದ ಸವದತ್ತಿಗೊಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬೈಲಹೊಂಗಲಕ್ಕೆ ಬಂದು ಅಣ್ಣನ ಮನೆಯಲ್ಲಿ ಉಳಿದುಕೊಂಡೆ.

ಚಿಕಿತ್ಸೆ ಶುರುವಾಗುವ ಮೊದಲು ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಮಾತಾಡಿದರು. ಅವರು ಹೇಳಿದ್ದನ್ನು ನಾನು ಅಂದೇ ದೂರದ ಊರುಗಳಲ್ಲಿ ಕೆಲಸದಲ್ಲಿರುವ ಅಣ್ಣನ ಮಕ್ಕಳಿಗೆ ಫೋನಿನಲ್ಲಿ ಒಪ್ಪಿಸಿದ್ದರಿಂದ ಇದು ಸರಿಯಾಗಿಯೇ ನೆನಪಿದೆ. ಮೊದಲ ವಾರಗಳಲ್ಲಿ ನುಂಗುವುದು ಹಗುರಾಗುವುದಿಲ್ಲ, ಇನ್ನೂ ಕಷ್ಟವಾಗುತ್ತದೆ, ಯಾಕೆಂದರೆ ಒಳಗಿನ ಪದರ ಸುಟ್ಟಂತಾಗಿ ಉರಿಯುತ್ತದೆ. ಗಡ್ಡೆ ಕರಗಿ, ಆ ಹುಣ್ಣು ಮಾಯ್ದಮೇಲೆ ದಾರಿ ತೆರೆಯುತ್ತದೆ. ಅಲ್ಲಿಯವರೆಗೆ ತೂಕ ಇಳಿಯಬಾರದು. ಇಳಿಯುತ್ತ ಹೋದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ ಆಹಾರ ಕೊಡಬೇಕಾಗುತ್ತದೆ. ರೋಗಿ ನಿತ್ರಾಣನಾದರೆ ಕರೆಂಟನ್ನು ನಡುವೆ ನಿಲ್ಲಿಸಬೇಕಾಗಬಹುದು, ಮತ್ತು ನಡುವೆ ನಿಲ್ಲಿಸಿದರೆ ಮಾಡಿದ್ದರ ಫಲ ಕಡಿಮೆಯಾಗುತ್ತದೆ.

ವಾಪಸು ಕಾರಿನಲ್ಲಿ ಹೊರಟೆವು. ನಮ್ಮ ಕಾರು ಓಡಿಸುತ್ತಿದ್ದವನು ಅಣ್ಣನ ಅಂಗಡಿಯ ಎದುರಿನ ಓಣಿಯವನು. ಬಾಡಿಗೆ ಗಾಡಿಯ ಧಂದೆ ಅವನದು. ನೇರ ದಾರಿಯ ಕುಣಿಗಳು ಅಣ್ಣನ ಎದೆಗೆ ತಾಗಬಾರದೆಂದು ಪ್ರತಿದಿನ ಕಿತ್ತೂರಿನ ಮೇಲೆ ಹೈವೇ ಹಿಡಿದು ಹೋಗುತ್ತಿದ್ದ. ಕಿತ್ತೂರು ದಾಟಿದಮೇಲೆ ಅಣ್ಣ ಅಂದ:

"ಎಷ್ಟೋ ಎತ್ತಿಗೆ ಮೂಗದಾಣ ಹಾಕೇನಿ. ನಾ ಹಾಕಿಸ್ಕೊಳ್ಳಂಗಿಲ್ಲ."

ಡ್ರೈವರ ಕನ್ನಡಿಯಲ್ಲಿ ನೋಡಿದ. "ಮೂಗದಾಣ ಹಾಕಿದ ಎತ್ತು ಚಲೋ ದುಡೀತೈತ್ರಿ ಸಾವ್ಕಾರ್ರ."

"ನೀ ಮುಂದ ನೋಡಿ ಗಾಡಿ ಹೊಡಿ."

ನಳಿಕೆಯೆಂದರೆ ಹೆದರುವಂಥದ್ದಲ್ಲ, ಅದು ಕೆಲವು ವಾರಗಳ ಮಾತು, ಅದರಿಂದ ಎಷ್ಟೋ ಜನ ಗಟ್ಟಿಯಾಗಿದ್ದಾರೆ ಎಂದು ನಾನು ತಿಳಿಸಿ ಹೇಳಿದೆ. ಆಸ್ಪತ್ರೆಯ ವರಾಂಡದಲ್ಲಿ ಮೂಗಿನ ನಳಿಕೆಗೆ ಪಟ್ಟಿ ಅಂಟಿಸಿಕೊಂಡು ಮೊಬೈಲ್ ನೋಡುತ್ತ ಕುಳಿತಿದ್ದ ಒಬ್ಬರನ್ನು ತೋರಿಸಿಯೂ ಇದ್ದೆ. ಅಣ್ಣ ಕೇಳಲಿಲ್ಲ. ಹಾಕಲು ಬಂದರೆ ಚಿಕಿತ್ಸೆಯನ್ನೇ ಬಿಟ್ಟು ಹೊಲಕ್ಕೆ ಹೋಗಿ ಕೂರುತ್ತೇನೆ ಎಂದ. ಅವನು ಆಡಿದ ಮಾತನ್ನು ಮಾಡುವವನು. ಅವನ ಬಾಯಿಂದ ಹೊಟ್ಟೆಗೆ ದಿನಕ್ಕೆ ಎಷ್ಟು ಇಳಿಯುತ್ತದೆ ಎನ್ನುವುದರ ಮೇಲೆಯೇ ಎಲ್ಲವೂ ನಿಂತಿತು.

ಅಡುಗೆಮನೆ ಮರುದಿನವೇ ಬದಲಾಯಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಬೆಳಗು ಎಂದರೆ ರೊಟ್ಟಿ ಬಡಿಯುವ ಸಪ್ಪಳ. ಈಗ ಮಿಕ್ಸಿಯ ಸಪ್ಪಳ. ವೈನಿ ಜೋಳದ ನುಚ್ಚನ್ನು ಬೆಣ್ಣೆಯಂತೆ ಬೇಯಿಸಿ, ಅರೆದು, ಜರಡಿಯಲ್ಲಿ ಸೋಸಿ, ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದರು. ಹೆಸರುಬೇಳೆಯ ತಿಳಿಗೆ ತುಪ್ಪ. ನೆನೆಸಿದ ಶೇಂಗಾವನ್ನು ನುಣ್ಣಗೆ ರುಬ್ಬಿ ಹಾಲಿಗೆ ಬೆರೆಸಿ ಬೆಲ್ಲ. ಕಿವುಚಿದ ಬಾಳೆಹಣ್ಣು. ಖಾರ, ಹುಳಿ ಬಂದ್. ಅಣ್ಣ ಜೀವಮಾನವಿಡೀ ನೆಲದ ಮೇಲೆ ಕುಳಿತು ಉಂಡವನು, ಅವನಿಗೆ ಬೆನ್ನು ನೇರ ಇರುವ ಕುರ್ಚಿ ಬಂತು. ಊಟಕ್ಕೆ ಸ್ವಲ್ಪ ಮೊದಲು ಗಂಟಲು ಜೋಮು ಹಿಡಿಸುವ ಬಿಳಿ ಔಷಧಿ. ಉಂಡ ತಕ್ಷಣ ಮಲಗುವಂತಿಲ್ಲ, ಮಲಗಿದಾಗಲೂ ತಲೆಯ ಕಡೆ ಎತ್ತರ ಇರಬೇಕು. ಇದೆಲ್ಲ ಆಸ್ಪತ್ರೆಯ ಡಯಟಿಶಿಯನ್ ಹೇಳಿಕೊಟ್ಟದ್ದು. ಎರಡು ತಾಸಿಗೊಮ್ಮೆ ಕೊಡಿ, ತುಂಬಾ ಕೊಡಿ, ಹೋದಷ್ಟು ಹೋಗಲಿ, ಸಾಕೆನಿಸಿದರೆ ಅಲ್ಲಿಗೇ ಬಿಡಲಿ ಎಂದು ಆಕೆ ಬಿಡಿಸಿ ಹೇಳಿದ್ದಳು.

ಕೊಡುವುದನ್ನು ನಾವು ಕೊಡುತ್ತಿದ್ದೆವು. ಅಣ್ಣ ತೆಗೆದುಕೊಳ್ಳುತ್ತಿರಲಿಲ್ಲ. ವೈನಿ ಪಾತ್ರೆ ಹಿಡಿದು ಬಂದರೆ ಕೈ ಅಡ್ಡ ಇಡುತ್ತಿದ್ದ. "ಒಂದ ಚಮಚೆ ಹಾಕು. ಸಾಕು, ಸಾಕಂದ್ನೆಲ್ಲ!" ಆ ಚಮಚೆಯನ್ನು ಕಣ್ಣು ಮುಚ್ಚಿ ನುಂಗಿ, ತಾಟಿಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದು ಏಳುತ್ತಿದ್ದ. ಅದು ನಮ್ಮ ಮನೆತನದ ಪದ್ಧತಿ. ತಾಟಿಗೆ ಬಂದದ್ದು ಪ್ರಸಾದ, ಅದರಲ್ಲಿ ಒಂದು ಅಗುಳೂ ಉಳಿಯಬಾರದು, ತೊಳೆದ ನೀರೂ ಹೊಟ್ಟೆಗೇ ಹೋಗಬೇಕು. ಓದಲು ಹೋದಾಗ ನಾನು ಅದನ್ನು ಬಿಟ್ಟಿದ್ದೆ. ಅಣ್ಣ ಬಿಟ್ಟಿರಲಿಲ್ಲ.

ಅವನು ಯಾಕೆ ಉಣ್ಣುತ್ತಿಲ್ಲ ಎಂಬುದಕ್ಕೆ ನನ್ನ ಬಳಿ ದಿನಕ್ಕೊಂದು ಕಾರಣವಿತ್ತು. ಉರಿ ಇರಬೇಕೆಂದು ಔಷಧಿಯ ಹೊತ್ತು ಹಿಂದೆಮುಂದೆ ಮಾಡಿದೆ. ಗಂಜಿ ಗಟ್ಟಿ ಇರಬೇಕೆಂದು ತೆಳುವು ಮಾಡಿಸಿದೆ, ತೆಳುವಾಯಿತೆಂದು ಮತ್ತೆ ಗಟ್ಟಿ ಮಾಡಿಸಿದೆ. ಬಿಸಿ ಆರಿಸಿ ನೋಡಿದೆ. ರುಚಿ ಕೆಟ್ಟಿರಬೇಕೆಂದು ಸಕ್ಕರೆ ಬದಲು ಬೆಲ್ಲ ಹಾಕಿಸಿದೆ. ವೈನಿಗೆ ಬೇಸರ ಬಂತು.

"ಪ್ರೊಫೆಸರ್ರ, ನಿಮ್ಮ ಪ್ರಯೋಗಶಾಲಿ ಹೊರಗ ಪಡಸಾಲ್ಯಾಗ ಇಟ್ಕೊಳ್ರಿ. ಇದು ನನ್ನ ಒಲಿ."

ತೂಕ ಇಳಿಯುತ್ತಲೇ ಇತ್ತು. ಅಣ್ಣನ ಅಂಗಿಯ ಕಾಲರಿನೊಳಗೆ ಅವನ ಕುತ್ತಿಗೆಯ ಜೊತೆ ನನ್ನ ಕೈಯೂ ಹಿಡಿಸುವಂತಾಯಿತು. ಡಾಕ್ಟರು ಒಂದು ಶುಕ್ರವಾರ ತೂಕ ನೋಡಿ ತಲೆ ಅಲ್ಲಾಡಿಸಿದರು. ಬರುವ ವಾರವೂ ಹೀಗೇ ಇಳಿದರೆ ನಳಿಕೆ ಹಾಕೋಣ, ತಡಮಾಡುವುದು ಬೇಡ ಎಂದರು. ಅಣ್ಣ ನನ್ನ ಮುಖ ನೋಡಲಿಲ್ಲ. ಕಾರಿನಲ್ಲಿ ಹೊಲಕ್ಕೆ ಹೋಗಿ ಕೂರುವ ಮಾತನ್ನು ಮತ್ತೆ ಎತ್ತಿದ.

ಆ ಭಾನುವಾರವೇ ಮುರಗೋಡದಿಂದ ನಮ್ಮ ಸೋದರತ್ತೆ ಬಂದದ್ದು. ಭಾನುವಾರ ಎಂದು ನಾನು ಅನ್ನುವುದು ಆ ದಿನ ಕರೆಂಟು ಇರಲಿಲ್ಲವೆಂಬ ಕಾರಣಕ್ಕೆ. ಶನಿವಾರವೂ ಇರಬಹುದು. ನಮ್ಮ ಕಡೆ ಬೇನೆಬಿದ್ದವರನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ, ತಂದದ್ದನ್ನು ರೋಗಿ ತಮ್ಮ ಕಣ್ಣೆದುರು ಉಂಡ ಹೊರತು ಏಳುವುದೂ ಇಲ್ಲ. ಅತ್ತೆ ಸೆರಗಿನಡಿಯಿಂದ ಸ್ಟೀಲಿನ ಡಬ್ಬಿ ತೆಗೆದರು. ಒಳಗೆ ಮಾದಲಿ. ಗೋಧಿಯ ದಪ್ಪ ರೊಟ್ಟಿಯನ್ನು ಪುಡಿ ಮಾಡಿ, ಬೆಲ್ಲ, ಏಲಕ್ಕಿ, ಗಸಗಸೆ, ಹುರಿಗಡಲೆ ಬೆರೆಸಿದ ಉದುರುದುರು ಸಿಹಿ. ನುಂಗಲು ಬಾರದವನಿಗೆ ತರಬಾರದ ತಿನಿಸನ್ನು ಹುಡುಕಲು ಹೇಳಿದ್ದರೆ ಅದಕ್ಕಿಂತ ಒಳ್ಳೆಯದು ಯಾರಿಗೂ ಸಿಗುತ್ತಿರಲಿಲ್ಲ.

"ಎಪ್ಪಾ, ನಿನಗ ಅಂತ ಕೈಯಾರೆ ಮಾಡೇನಿ. ಹಾಲು ತುಪ್ಪ ಹಾಕ್ಕೋ, ತಾನ ಜಾರಿ ಹೋಗತೈತಿ."

ವೈನಿ ಒಳಗಿಂದ ಓಡಿ ಬರುವಷ್ಟರಲ್ಲಿ ಅಣ್ಣನ ತಾಟಿನಲ್ಲಿ ಮಾದಲಿಯ ಗುಡ್ಡೆ ಬಿದ್ದಿತ್ತು. ಅದರ ಮೇಲೆ ತುಪ್ಪ, ಹಾಲು. ಅಣ್ಣ ಅತ್ತೆಯ ಮುಖ ನೋಡಿ ಒಂದು ತುತ್ತು ಹಾಕಿಕೊಂಡ. ಅದು ಹೋಯಿತು. ಎರಡನೆಯದೂ ಹೋಯಿತು. ಅತ್ತೆ "ನೋಡ್ರಿ, ನಾ ಹೇಳಲಿಲ್ಲಾ" ಅನ್ನುತ್ತಿರುವಾಗಲೇ ಅವನು ಎದೆ ಹಿಡಿದುಕೊಂಡು ಎದ್ದ.

ಹಿತ್ತಲಿನಲ್ಲಿ ಗೋಡೆಗೆ ಕೈಕೊಟ್ಟು ಬಾಗಿ ನಿಂತ. ಉಸಿರು ಆಡುತ್ತಿತ್ತು. ಆದರೆ ಸಿಕ್ಕದ್ದು ಕೆಳಗೂ ಹೋಗದು, ಮೇಲೂ ಬಾರದು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಸುರಿಯುತ್ತಿತ್ತು. ನಾನು ಡ್ರೈವರನಿಗೆ ಫೋನ್ ಹಚ್ಚಿದೆ. ವೈನಿ ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದರು. ಅತ್ತೆ "ನನ್ನ ಕೈ ಸೇದಿ ಹೋಗಲಿ" ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಎಷ್ಟು ಹೊತ್ತೋ ತಿಳಿಯದು, ನನಗೆ ಬಹಳ ಹೊತ್ತು ಅನ್ನಿಸಿತು. ಕಡೆಗೆ ಅದು ಕೆಮ್ಮಿನೊಂದಿಗೆ ಮೇಲೆ ಬಂತು. ಅಣ್ಣ ಬಾಯಿ ಮುಕ್ಕಳಿಸಿದ, ಮುಖ ತೊಳೆದ, ಒಳಗೆ ಬಂದು ಅದೇ ಕುರ್ಚಿಯಲ್ಲಿ ಕುಳಿತ. ಮತ್ತೆ ತಾಟಿಗೆ ಕೈ ಹಾಕಿದ!

ನಾನು ಕೂಗಿಬಿಟ್ಟೆ. "ಹುಚ್ಚ ಹಿಡದೈತೇನ ಅಣ್ಣಾ? ಬಿಡು ಅದನ್ನ!"

"ತಾಟಿನಾಗ ಬಿಡಾಕ ಬರಂಗಿಲ್ಲೋ."

"ಬಿಟ್ರ ಯಾರ್ ಏನ್ ಅಂತಾರ?"

"ಯಾರ್ ಅನ್ನೂದ ಏನ್ ಬಂತು? ನನಗ ಬಿಡಾಕ ಆಗಂಗಿಲ್ಲ." ಅವನ ದನಿ ಉರಿಯಿಂದ ಒಡೆದಿತ್ತು. "ಅದಕ್ಕ ನಾ ಹಾಕಿಸ್ಕೊಳ್ಳೂದ ಇಲ್ಲ. ಎಷ್ಟ ಇಳೀತೈತಿ ಅಂತ ನನಗೇನ್ ಗೊತ್ತಾಗತೈತಿ? ಒಮ್ಮಿ ಬಟ್ಟಲಾ ಪೂರ್ತಿ ಹೋದಂಗ ಅನಸ್ತೈತಿ, ಒಮ್ಮಿ ಎರಡನೇ ಚಮಚಿಗೆ ಬಾಗಲಾ ಹಾಕತೈತಿ. ಒಂದ ಚಮಚೆ ಹಾಕಿಸ್ಕೊಂಡ್ರ ಬಿಡೂ ಪ್ರಶ್ನಿನ ಇಲ್ಲ."

ಉರಿ, ರುಚಿ, ಗಟ್ಟಿ, ತೆಳುವು, ಮನಸ್ಸಿನ ಕುಗ್ಗು ಎಂದು ನಾನು ಲೆಕ್ಕ ಹಾಕುತ್ತಿದ್ದಾಗ ಅಣ್ಣ ಉಣ್ಣಲು ಹೆದರುತ್ತಿದ್ದದ್ದು ತಾಟಿನಲ್ಲಿ ಉಳಿಯುತ್ತದೆಂಬ ಕಾರಣಕ್ಕೆ. ಸಾಕೆನಿಸಿದರೆ ಬಿಡಿ ಎಂಬ ಡಯಟಿಶಿಯನ್ ಹೇಳಿದ ಮಾತು ಆಕೆಗೂ ನನಗೂ ಬಲು ಸುಲಭದ ಮಾತು. ಅವನಿಗೆ ಅದು ನುಂಗುವುದಕ್ಕಿಂತ ಕಷ್ಟದ್ದಾಗಿತ್ತು.

ಆಗಲೇ ಅವನ ಮುಂದಿನ ತಾಟು ಯಾರದೋ ಕೈಗೆ ಹೋಯಿತು. ವೈನಿಯದೋ, ನನ್ನದೋ. ತಾಟು ಖಾಲಿಯಾಯಿತು, ತೊಳೆದ ನೀರನ್ನೂ ಯಾರೋ ಕುಡಿದರು. ಅತ್ತೆ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು:

"ಒಬ್ರು ಉಂಡ್ರೇನ, ಇಬ್ರು ಉಂಡ್ರೇನ, ತಾಟ ಬರಿದಾತಲ್ಲ. ಪ್ರಸಾದ ಎಲ್ಲಿ ಕೆಟ್ಟೈತಿ? ಸಣ್ಣಾವ್ರಿದ್ದಾಗ ಇಬ್ರೂ ಒಂದ ತಾಟಿನಾಗ ಉಣತಿದ್ರಿ. ನೀ ಬೆಲ್ಲದ ಹಳಕು ಆರಿಸ್ಕೊಂಡು ತಿಂದು ಏಳತಿದ್ದಿ, ಈ ಸಣ್ಣಾಂವ ಅಳಕೋತ ಉಳದದ್ದ ಉಣತಿದ್ದ."

"ಅಳತಿದ್ದಿಲ್ಲ" ಅಂದೆ ನಾನು.

"ನಿನಗೇನ್ ನೆನಪೈತಿ, ಮೂಗು ಒರಸ್ಕೊಳ್ಳಾಕ ಬರತಿದ್ದಿಲ್ಲ ನಿನಗ."

ಮರುದಿನ ಬೆಳಿಗ್ಗೆ ವೈನಿ ಒಂದು ದೊಡ್ಡ ತಾಟಿನಲ್ಲಿ ಅಂಚಿನವರೆಗೆ ನುಚ್ಚಿನ ಗಂಜಿ ಸುರಿದು ತಂದಿಟ್ಟರು. ಎರಡು ಕುರ್ಚಿ, ಎರಡು ಚಮಚೆ.

"ಇನ್ನ ಮ್ಯಾಲ ಒಂದ ತಾಟು. ಅವರು ಕೈ ತಗದ ಮ್ಯಾಲ ನೀವು. ಉಳದ್ರ ನಿಮ್ಮದ ಜವಾಬ್ದಾರಿ, ಅವರದಲ್ಲ."

ಅಣ್ಣ ನನ್ನನ್ನು ನೋಡಿದ. "ತೊಳದ ನೀರು?"

"ಅದನ್ನೂ ಕುಡೀತೇನಿ" ಅಂದೆ. ಪ್ರಸಾದವನ್ನು ನಾನು ಆಗಲೂ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. ನಂಬುವವನ ತಾಟಿನಲ್ಲಿ ಉಣ್ಣಲು ಅದರಿಂದ ಏನೂ ತೊಡಕಾಗಲಿಲ್ಲ. ಕಿಮೋದಿಂದ ಅವನ ದೇಹ ಸೋಂಕು ತಡೆಯಲಾರದು, ಆದ್ದರಿಂದ ಅವನು ಮುಗಿಸುವ ತನಕ ನನ್ನ ಚಮಚೆ ತಾಟಿಗೆ ತಾಗಬಾರದು ಎಂಬ ಒಂದು ನಿಯಮವನ್ನು ಮಾತ್ರ ನಾನು ಸೇರಿಸಿದೆ. ವೈನಿ ಅದಕ್ಕೆ ತಕರಾರು ಮಾಡಲಿಲ್ಲ.

ಆ ಬೆಳಿಗ್ಗೆ ಅಣ್ಣ ಎಷ್ಟು ಉಂಡ ಎಂದು ಹೇಳಲಾರೆ. ತಾಟಿನ ತಳದಲ್ಲಿ ಹೂವಿನ ನಕ್ಷೆ ಇತ್ತು, ಅದರ ಎಸಳು ಕಾಣತೊಡಗಿದಾಗ ಚಮಚೆ ಕೆಳಗಿಟ್ಟ. ಅಷ್ಟು ಕಡಿಮೆ ಉಳಿದದ್ದಕ್ಕೆ ನನಗೆ ಹಸಿವೆಯೇ ಹೋಯಿತು, ಸಂತೋಷಕ್ಕೆ. ಮಧ್ಯಾಹ್ನ ಎರಡೇ ಗುಟುಕು ಹೋಯಿತು, ಉಳಿದದ್ದೆಲ್ಲ ನನಗೆ. ಸಂಜೆ ಅರ್ಧ. ಹೆಚ್ಚು ಇಳಿಯುವ ಹೊತ್ತಿಗೆ ತಾಟಿನಲ್ಲಿ ಹೆಚ್ಚು ಇರುತ್ತಿತ್ತು, ಇಳಿಯದ ಹೊತ್ತಿಗೆ ಅವನು ಹೆದರದೆ ಕೈ ತೆಗೆಯುತ್ತಿದ್ದ. ಬರುವ ಬೀಗರು, ಗಿರಾಕಿಗಳು ಏನು ತಂದರೂ ವೈನಿ ಬಾಗಿಲಲ್ಲೇ ಇಸಿದುಕೊಂಡು, "ಒಂದ ತಾಟ ಐತ್ರಿ, ಅವರ ತಮ್ಮಾ ಉಣತಾರ" ಎಂದು ನನ್ನ ಪಾಲಿಗೆ ಹಾಕುತ್ತಿದ್ದರು. ಸಿರಸಂಗಿಯಿಂದ ಬಂದ ಗಿರಾಕಿಯೊಬ್ಬರ ಕರಿಗಡಬು, ಡ್ರೈವರನ ಮನೆಯಿಂದ ಬಂದ ಶಾವಿಗೆಯ ಸುರಕುಂಬಾ ಎಲ್ಲವೂ. ಸುರಕುಂಬಾದ ಹಾಲನ್ನು ಸೋಸಿ ಅಣ್ಣನಿಗೆ ಕೊಟ್ಟೆವು. ಖರ್ಜೂರ, ಗೋಡಂಬಿ ನನ್ನ ಪಾಲಿಗೆ ಬಂದವು.

ಮುಂದಿನ ತೂಕದ ದಿನ ಕಾಟಾದ ಬಳಿ ನಾವಿಬ್ಬರೂ ನಿಂತಿದ್ದೆವು. ನರ್ಸು ಹೊಸಬಳು. ಇಬ್ಬರನ್ನೂ ನೋಡಿ, "ಪೇಶಂಟ್ ಯಾರ್ರೀ?" ಅಂದಳು.

"ನಾ ಪೇಶಂಟ್ ರೀ" ಅಂದ ಅಣ್ಣ. "ಇಂವ ಸೈಡ್ ಎಫೆಕ್ಟು."

ತೂಕ ಇಳಿದಿರಲಿಲ್ಲ. ಏರಿರಲೂ ಇಲ್ಲ, ಅಲ್ಲಿಗೇ ನಿಂತಿತ್ತು. ಡಾಕ್ಟರು ನಳಿಕೆಯ ಮಾತನ್ನು ಒಂದು ವಾರ ಮುಂದೆ ಹಾಕಿದರು, ಆಮೇಲೆ ಮತ್ತೊಂದು ವಾರ. ಅಣ್ಣ ಕಾರಿನಲ್ಲಿ ಹೊಲದ ಮಾತೆತ್ತುವುದನ್ನು ಬಿಟ್ಟ.

ಒಂದೇ ತಾಟು ಮಾಡಿದ್ದರಿಂದಲೇ ಹೀಗಾಯಿತೆಂದು ನಾನು ಸಾಧಿಸಲಾರೆ. ಅದೇ ವಾರ ಡಾಕ್ಟರು ಉರಿಯ ಔಷಧಿಯನ್ನೂ ಬದಲಿಸಿದ್ದರು. ಗಡ್ಡೆ ಅದೇ ಹೊತ್ತಿಗೆ ಕರಗತೊಡಗಿರಲೂಬಹುದು. ಹೋಲಿಸಿ ನೋಡಲು ನನಗೆ ಇನ್ನೊಬ್ಬ ಅಣ್ಣನಿಲ್ಲ. ಇದನ್ನು ವೈನಿಗೆ ಹೇಳಿದಾಗ ಅವರು ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದುಕೊಂಡೇ, "ಮತ್ತ ಬ್ಯಾರೆ ಬ್ಯಾರೆ ತಾಟು ಹಾಕಿ ನೋಡೂಣೇನ್ರಿ?" ಎಂದು ಕೇಳಿದರು. ಬೇಡ ಅಂದೆ.

ಕಡೆಯ ವಾರಗಳು ಸುಲಭದವೇನೂ ಆಗಿರಲಿಲ್ಲ. ಮೆಣಸಿನಕಾಯಿ ಬೀಜ ಎದೆಯೊಳಗೆ ಅಂಟಿಕೊಂಡಂತೆ ಉರಿಯುತ್ತದೆ ಅನ್ನುತ್ತಿದ್ದ. ಉಗುಳು ನುಂಗಲೂ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಕರೆಂಟು ಒಂದು ದಿನವೂ ನಿಲ್ಲಲಿಲ್ಲ, ಮೂಗಿಗೆ ನಳಿಕೆ ಬರಲಿಲ್ಲ. ಮುಗಿದು ಕೆಲವು ವಾರಗಳಾದಮೇಲೆ ಗಂಜಿಯನ್ನು ಸೋಸುವುದು ನಿಂತಿತು. ಆಮೇಲೆ ಮೆತ್ತನ್ನ ಅನ್ನ ಬಂತು. ಹಾಲಿನಲ್ಲಿ ನೆನೆದ ಇಡ್ಲಿ ಬಂತು. ಒಂದು ದಿನ ನಾನು ಚಮಚೆ ಹಿಡಿದು ಕಾಯುತ್ತಿದ್ದಾಗ ಅಣ್ಣ ತಾಟನ್ನು ತನ್ನ ಕಡೆಗೆ ಎಳೆದುಕೊಂಡು, "ಒಳಗ ನಿನಗ ಬ್ಯಾರೆ ಹಾಕಿಸ್ಕೋ ಹೋಗು" ಎಂದ. ನನ್ನ ರಜೆಯೂ ಮುಗಿದಿತ್ತು. ರಾಮದುರ್ಗಕ್ಕೆ ಹಿಂದಿರುಗಿದಾಗ ಹಳೆಯ ಪ್ಯಾಂಟುಗಳು ಹಿಡಿಯಲಿಲ್ಲ.

ಮತ್ತೆ ಕ್ಯಾಮೆರಾದ ನಳಿಕೆ ಇಳಿಸಿ ನೋಡುವ ದಿನ ನಾನೂ ಹುಬ್ಬಳ್ಳಿಗೆ ಹೋದೆ. ಡಾಕ್ಟರು ಹೊರಗೆ ಬಂದು, ಕ್ಯಾಮೆರಾ ಎಲ್ಲೂ ತಡೆಯದೆ ಹೊಟ್ಟೆಯವರೆಗೂ ಹೋಯಿತು, ಗಡ್ಡೆ ಕಾಣುತ್ತಿಲ್ಲ ಎಂದರು. ತಪಾಸಣೆಗೆ ಬರುತ್ತಲೇ ಇರಬೇಕು, ಎಲ್ಲವನ್ನೂ ಚೆನ್ನಾಗಿ ಅಗಿದು ಸ್ವಲ್ಪ ಸ್ವಲ್ಪವಾಗಿ ಶುರು ಮಾಡಬಹುದು ಎಂದರು. ವೈನಿ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟರು. ಡಾಕ್ಟರು ಇನ್ನೂ ಏನೇನೋ ಹೇಳಿದರು, ಅದೊಂದೂ ನನಗೆ ನೆನಪಿಲ್ಲ.

ಗಂಟಲಿನ ಜೋಮು ಪೂರ್ತಿ ಇಳಿಯಲೆಂದು ಮಧ್ಯಾಹ್ನದ ತನಕ ಅಲ್ಲೇ ಕುಳಿತಿದ್ದು ಹೊರಟೆವು. ಧಾರವಾಡ ದಾಟಿ ಕಿತ್ತೂರು ಇನ್ನೂ ಮುಂದಿರುವಾಗ ಅಣ್ಣ ಗಾಡಿ ನಿಲ್ಲಿಸಲು ಹೇಳಿದ. ಒಬ್ಬ ಹೆಣ್ಣುಮಗಳು ರಸ್ತೆಬದಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಅಣ್ಣ ತಾನೇ ಇಳಿದು ಹೋಗಿ ಒಂದು ಎಳೆ ಸೌತೆಕಾಯಿ ತಂದ. "ಸಿಪ್ಪಿ ತಗೀತೇನಿ ತಡೀರಿ" ಎಂದು ವೈನಿ ಚೀಲದಲ್ಲಿ ಚಾಕು ಹುಡುಕುತ್ತಿದ್ದರು. ಅವನು ಅಷ್ಟರಲ್ಲಿ ಕಚ್ಚಿಬಿಟ್ಟಿದ್ದ. ನಾವು ಮೂವರೂ ಅವನ ಗಂಟಲನ್ನೇ ನೋಡುತ್ತಿದ್ದೆವು. ಅವನು ನಿಧಾನವಾಗಿ, ಬಹಳ ನಿಧಾನವಾಗಿ ಅಗಿದು ನುಂಗಿದ. ಸ್ವಲ್ಪ ಹೊತ್ತು ಎದೆಯೊಳಗಿನ ಸುದ್ದಿಗೆ ಕಾಯುವವನಂತೆ ನಿಂತ. ಆಮೇಲೆ ಇನ್ನೊಮ್ಮೆ ಕಚ್ಚಿದ.

ಇದನ್ನು ಬರೆಯಲು ಕುಳಿತಾಗ ನನಗೇ ಸಂಶಯ ಬಂತು. ಅಷ್ಟು ದಿನ ಮೆತ್ತಗಿನದನ್ನೇ ಉಂಡವನು ಅದೇ ಮಧ್ಯಾಹ್ನ ಹಸಿ ಸೌತೆಕಾಯಿ ತಿಂದನೇ, ಅಥವಾ ಬಾಳೆಹಣ್ಣನ್ನೋ ಪಪ್ಪಾಯಿಯನ್ನೋ ತಿಂದದ್ದನ್ನು ನನ್ನ ಸಂತೋಷ ಸೌತೆಕಾಯಿ ಮಾಡಿತೇ? ಕಳೆದ ತಿಂಗಳು ಬೈಲಹೊಂಗಲಕ್ಕೆ ಹೋದಾಗ ಡ್ರೈವರನನ್ನು ಹಿಡಿದೆ. ಉತ್ತರದ ಸುಳಿವು ಕೊಡಬಾರದೆಂದು, ಆ ದಿನ ದಾರಿಯಲ್ಲಿ ಸಾವ್ಕಾರ್ರು ಏನು ತಿಂದರು ಎಂದಷ್ಟೇ ಕೇಳಿದೆ.

"ಸೌತಿಕಾಯಿ ರೀ ಸರ" ಅಂದ ಅವನು, ತಡವರಿಸದೆ. "ಕಟಂ ಅಂತ ಸಪ್ಪಳಾತು. ಒಂದ ತಿಂದು, ನನಗಂತ ತಂದಿದ್ದ ಇನ್ನೊಂದನ್ನೂ ಅವರ ತಿಂದ್ರು."